ಮುತ್ತುಗದ ಮರಕ್ಕೆ ಸಾಕ್ಷಿ

ತಮಿಳುನಾಡಿನ ಗಡಿಯಲ್ಲಿರುವ ಹೊಸೂರಿನ ಅಂಗಡಿಬೀದಿಗಳಲ್ಲಿ ಪ್ಲಾಸ್ಟಿಕ್ ಹಿಡಿಯುವುದು ನನ್ನ ಕೆಲಸದಲ್ಲಿ ಒಂದು ಭಾಗ. ಪಟ್ಟಣದ ಆರೋಗ್ಯ ವಿಭಾಗಕ್ಕೆ ಮೇಲ್ವಿಚಾರಕಿಯಾಗಿ ಸೇರಿದಾಗ ಚರಂಡಿ, ಕಸದ ಗಾಡಿ, ಸೊಳ್ಳೆಯ ಔಷಧಿ, ಇಷ್ಟೇ ಇತ್ತು. ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿಗೆ ನಿಷೇಧ ಬಂದ ಮೇಲೆ ಇದೂ ಸೇರಿಕೊಂಡಿತು. ವಾರದಲ್ಲಿ ಎರಡು ದಿನ ಇಬ್ಬರು ಕೆಲಸದವರನ್ನು ಕರೆದುಕೊಂಡು ಅಂಗಡಿಗಳಿಗೆ ಹೋಗುತ್ತೇನೆ. ಕವರು, ಲೋಟ, ಊಟದ ತಟ್ಟೆ, ಏನು ಸಿಕ್ಕಿದರೂ ಮೂಟೆ ಕಟ್ಟಿ, ಚೀಟಿ ಬರೆದುಕೊಟ್ಟು ಬರುತ್ತೇನೆ. ಯಾರಿಗೂ ಬೇಡದ ಕೆಲಸ. ಆದರೆ ಚರಂಡಿ ಕಟ್ಟಿಕೊಂಡಾಗ ಒಳಗೆ ಕೈಹಾಕಿ ಏನೇನು ಎಳೆಯುತ್ತಾರೆ ಎನ್ನುವುದನ್ನು ಕಣ್ಣಾರೆ ನೋಡಿದವಳು ನಾನು. ಆ ಕಾಯಿದೆ ತಪ್ಪು ಎಂದು ನನಗೆ ಒಂದು ದಿನವೂ ಅನ್ನಿಸಿಲ್ಲ.

ಒಂದು ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಬ್ಬಾಕೆಯ ಅಂಗಡಿಯಿಂದ ತಟ್ಟೆಯ ಕಟ್ಟುಗಳನ್ನು ಇಳಿಸುತ್ತಿದ್ದೆವು. ನೋಡಲು ಕಾಗದದ ತಟ್ಟೆ, ಮೇಲೆ ತೆಳ್ಳಗೆ ಪ್ಲಾಸ್ಟಿಕ್ ಹೊದಿಕೆ. ಆಕೆ ಜಗಳ ಮಾಡಲಿಲ್ಲ. ನನ್ನ ಕನ್ನಡ ಕೇಳಿ ತಾನೂ ಕನ್ನಡಕ್ಕೆ ತಿರುಗಿ, "ಎಲ್ಲಾ ಎತ್ಕೊಂಡ್ ಹೋಗ್ಬುಟ್ರೆ ಜನ ಯಾತರಾಗೆ ಉಣ್ಬೇಕಮ್ಮ?" ಎಂದು ಕೇಳಿದಳು.

"ಎಲೇಲಿ ಉಣ್ಲಿ. ಮುತ್ತುಗದ ಎಲೆ ಇಲ್ವಾ?"

"ಎಲ್ಲೈತೆ? ನೀನೇ ತಂದ್ಕೊಡು, ಮಾರ್ತೀನಿ."

ಅವಳು ತಮಾಷೆಗೆ ಅಂದದ್ದಲ್ಲ. ನಿಜವಾಗಿ ಕೇಳಿದಳು. ಮುತ್ತುಗದ ಎಲೆ ಎನ್ನುವ ಮಾತನ್ನು ನಾನು ಬಾಯಲ್ಲಿ ಆಡಿ ಎಷ್ಟು ವರ್ಷವಾಗಿತ್ತೋ. ಆ ದಿನವೆಲ್ಲ ನನಗೆ ನಮ್ಮತ್ತೆಯದೇ ಧ್ಯಾನ.

ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡ ತೀರಿಕೊಂಡು ನಮ್ಮ ಮನೆಗೆ ವಾಪಸ್ಸು ಬಂದವಳು. ನಮ್ಮ ಊರು ಉದ್ದನಪಲ್ಲಿಯಿಂದ ಒಳಕ್ಕೆ, ಕಾಡಿನ ಅಂಚಿಗೆ ಇದೆ. ಹಿತ್ತಲು ದಾಟಿ ಎರಡು ಹೊಲ ಕಳೆದರೆ ಕಾಡು. ಅಪ್ಪ ಅಮ್ಮ ರಾಗಿ ಹೊಲಕ್ಕೆ ಹೋದರೆ ಅತ್ತೆ ಎಲೆಗೆ ಹೋಗುತ್ತಿದ್ದಳು. ಯುಗಾದಿ ಕಳೆದು ಮುತ್ತುಗ ಹೊಸದಾಗಿ ಚಿಗುರಿ, ಚಿಗುರು ಬಲಿತು ಕೈಗೆ ಗಟ್ಟಿಯಾಗಿ ಸಿಗುವ ಹೊತ್ತಿಗೆ ನಮಗೆ ಬೇಸಿಗೆ ರಜ. ನಾನು ಅವಳ ಹಿಂದೆ.

ಕಾಡಿಗೆ ಹೋಗುವ ದಿನ ಅವಳ ನಡಿಗೆಯೇ ಬೇರೆ. ಮನೆಯಲ್ಲಿ ಒಂದು ಮೂಲೆ ಹಿಡಿದು, ಅಮ್ಮ ಕೂಗಿದಾಗ ಮಾತ್ರ ಎದ್ದು ಬರುವ ಹೆಂಗಸು, ಕಾಡಿನ ಅಂಚು ದಾಟಿದ ಕೂಡಲೇ ಸೀರೆ ಮೇಲಕ್ಕೆ ಸಿಕ್ಕಿಸಿ ಮುಂದೆ ಮುಂದೆ ಹೋಗಿಬಿಡುತ್ತಿದ್ದಳು. ಯಾವ ಮರದ ಎಲೆ ದೊಡ್ಡದು, ಯಾವ ಮರದ್ದು ಬೇಗ ಬಿರಿಯುತ್ತದೆ, ಯಾವ ಮರದಲ್ಲಿ ಕೆಂಜಿಗ ಗೂಡು ಕಟ್ಟುತ್ತದೆ, ಎಲ್ಲವೂ ಅವಳಿಗೆ ಗೊತ್ತು. ಒಂದು ಕೊಂಬೆಯಲ್ಲಿ ಎಲ್ಲವನ್ನೂ ಕೀಳುತ್ತಿರಲಿಲ್ಲ. ತುದಿಯ ಎಲೆ ಮುಟ್ಟಿದರೆ ನನ್ನ ಕೈಗೆ ಒಂದು ಏಟು. "ಅದು ಮರದ ಪಾಲು ಕಣೇ," ಅನ್ನುತ್ತಿದ್ದಳು.

ತಂದ ಎಲೆಗಳನ್ನು ಕತ್ತಾಳೆ ನಾರಿನಲ್ಲಿ ಸರ ಪೋಣಿಸಿ, ಒಣಗಿಸಿ, ಚಪ್ಪಡಿ ಕಲ್ಲಿನ ಕೆಳಗೆ ಅದುಮಿಡಬೇಕು. ಬೇಕಾದಾಗ ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಂಡು, ಬಿದಿರಿನ ಸಣ್ಣ ಕಡ್ಡಿಯಲ್ಲಿ ಎಲೆಗೆ ಎಲೆ ಹಚ್ಚಬೇಕು. ಅತ್ತೆ ಹಚ್ಚಿದ ಎಲೆಯಲ್ಲಿ ತಿಳಿಸಾರು ಬಡಿಸಿದರೂ ಕೆಳಗೆ ಇಳಿಯುತ್ತಿರಲಿಲ್ಲ. ಸುತ್ತಿನ ಏಳೆಂಟು ಹಳ್ಳಿಗಳಲ್ಲಿ ಮದುವೆ, ತಿಥಿ, ನಾಮಕರಣ ಏನಿದ್ದರೂ ಮೊದಲು ನಮ್ಮ ಜಗುಲಿಗೆ ಹೇಳಿಕಳಿಸುತ್ತಿದ್ದರು. ಬಿಸಿ ಮುದ್ದೆ ಇಟ್ಟ ತಕ್ಷಣ ಆ ಎಲೆಯಿಂದ ಏಳುತ್ತಿದ್ದ ಒಂದು ವಾಸನೆ ಇದೆಯಲ್ಲ, ಅದನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಆಮೇಲೆ ಬಿಳಿ ತಟ್ಟೆಗಳು ಬಂದವು. ಮೊದಲು ಹೊಸೂರಿನ ಮದುವೆ ಛತ್ರಗಳಿಗೆ, ಆಮೇಲೆ ನಮ್ಮ ಹಳ್ಳಿಗೂ. ಹೇಳಿಕಳಿಸುವವರು ಕಡಿಮೆಯಾದರು, ಕೊನೆಗೆ ನಿಂತೇಹೋದರು. ಅತ್ತೆ ಯಾರನ್ನೂ ಬೈಯಲಿಲ್ಲ. ಒಂದು ಬೇಸಿಗೆ ಎಲೆಗೆ ಹೋಗಲಿಲ್ಲ, ಅಷ್ಟೆ. ನಾನು ಆ ಹೊತ್ತಿಗೆ ಓದು ಮುಗಿಸಿ, ಕೆಲಸ ಸಿಕ್ಕಿ, ಹೊಸೂರಿನಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಆ ಬೇಸಿಗೆ ಅವಳು ಏನು ಮಾಡಿದಳು ಎಂದು ನಾನು ಕೇಳಲೂ ಇಲ್ಲ.

ಅಂಗಡಿಯಾಕೆ ಹಾಗೆ ಅಂದ ವಾರವೇ ಊರಿಗೆ ಹೋದೆ. ಅತ್ತೆ ನನ್ನ ತಮ್ಮನ ಮನೆಯಲ್ಲಿ, ಜಗುಲಿಯ ಮೇಲೆ, ಅವರೆಕಾಯಿ ಸುಲಿಯುತ್ತಿದ್ದಳು. ವಿಷಯ ಹೇಳಿದೆ. ಅವಳು ಕಾಯಿ ಕೆಳಗಿಟ್ಟಳು.

"ಈಗ ಯಾರ್ ಉಣ್ತಾರೆ ಎಲೇಲಿ?"

"ಕಾಯಿದೆ ಬಂದೈತೆ ಅತ್ತೆ. ಪ್ಲಾಸ್ಟಿಕ್ ಮಾರಂಗಿಲ್ಲ. ಎಲ್ರಿಗೂ ಎಲೆ ಬೇಕು ಈಗ."

"ನಮ್ಮೆಲೆಗೆ ಕಾಯಿದೆ ಬಂತಾ!" ಎಂದು ಅವಳು ನಕ್ಕಳು. ಅವಳು ಹಾಗೆ ಬಾಯಿತುಂಬ ನಕ್ಕದ್ದನ್ನು ನೋಡಿ ಬಹಳ ಕಾಲವಾಗಿತ್ತು.

ಎಲೆ ಬಲಿಯುವವರೆಗೆ ಕಾದು, ಮೇ ತಿಂಗಳ ಒಂದು ಭಾನುವಾರ ನಾನು, ಅತ್ತೆ, ತಮ್ಮನ ಹೆಂಡತಿ ಮೂವರೂ ಬೆಳಿಗ್ಗೆಯೇ ಹೊರಟೆವು. ಎಪ್ಪತ್ತು ದಾಟಿದ ಕಾಲುಗಳು, ಆದರೂ ಅವಳೇ ಮುಂದೆ. ಕಾಡಿನ ಅಂಚಿನಲ್ಲಿ ಹೊಸದಾಗಿ ಕಲ್ಲು ನೆಟ್ಟಿದ್ದರು. ಪಕ್ಕದಲ್ಲಿ ತಮಿಳಿನ ಬೋರ್ಡು: ಕಾಯ್ದಿಟ್ಟ ಕಾಡು, ಅನುಮತಿಯಿಲ್ಲದೆ ಒಳಗೆ ಬರಬಾರದು. ನಾನು ಅದನ್ನು ಓದಿದೆ. ಓದಿದ್ದನ್ನು ಅತ್ತೆಗೆ ಹೇಳಲಿಲ್ಲ. ಇದನ್ನು ಒಪ್ಪಿಕೊಳ್ಳಲೇಬೇಕು. ದಿನವೂ ಬೇರೆಯವರಿಗೆ ಕಾಯಿದೆ ಓದಿ ಹೇಳುವವಳು, ಆ ದಿನ ಓದಲು ಬಾರದವಳ ಹಾಗೆ ಕಲ್ಲು ದಾಟಿದೆ.

ಎರಡು ಹೊರೆ ಎಲೆ ಆಗಿತ್ತು. ಮೂರನೆಯದು ಕಟ್ಟುವಾಗ ಫಾರೆಸ್ಟ್ ಗಾರ್ಡ್ ಬಂದ. ನಲವತ್ತರ ಆಸುಪಾಸಿನ ಮನುಷ್ಯ. ಕೂಗಾಡಲಿಲ್ಲ. ತಮಿಳಿನಲ್ಲಿ ಶುರುಮಾಡಿ, ಅತ್ತೆಯ ಮುಖ ನೋಡಿ, ಅಜ್ಜಿ ಎನ್ನುವುದನ್ನು ಮಾತ್ರ ತಮಿಳಿನಲ್ಲೇ ಉಳಿಸಿಕೊಂಡು, ಹರಕು ಮುರುಕು ಕನ್ನಡಕ್ಕೆ ಬಂದ.

"ಪಾಟಿ, ಎಲೆ ಕೀಳಂಗಿಲ್ಲ. ಆನೆ ಗುಂಪು ಇಲ್ಲೇ ಅದೆ."

"ಆನೆ ಆವಾಗ್ಲೂ ಇತ್ತು ಕಣಪ್ಪ. ಅದರ ದಾರಿ ಅದಕ್ಕೆ, ನಮ್ಮ ದಾರಿ ನಮಗೆ. ಎಲೆ ಕಿತ್ರೆ ಮರ ಸಾಯ್ತದಾ?"

"ಸಾಯಲ್ಲ, ನನಗೂ ಗೊತ್ತು. ನಮ್ಮಮ್ಮನೂ ಎಲೆ ಹಚ್ಚಿದವಳೇ. ಆದ್ರೆ ಒಬ್ಬರಿಗೆ ಬಿಟ್ರೆ ನಾಳೆ ನೂರು ಜನ ಬತ್ತಾರೆ. ಸೌದೆ ಅಂತಾರೆ, ಮರ ಅಂತಾರೆ. ನಾನೇನ್ ಹೇಳ್ಲಿ?"

ಹೊರೆಗಳನ್ನು ಅಲ್ಲೇ ಬಿಡಿಸಿದ. ಜೇಬಿನಿಂದ ಪುಸ್ತಕ ತೆಗೆದು ಚೀಟಿ ಬರೆದ. ನಾನು ಅಂಗಡಿಗಳಲ್ಲಿ ಬರೆಯುವ ಹಾಗೆಯೇ: ಹೆಸರು, ಊರು, ವಶಪಡಿಸಿಕೊಂಡ ವಸ್ತು. ನಾನು ಎಷ್ಟು ಜನರ ಮುಂದೆ ಹೀಗೆ ನಿಂತು ಬರೆದಿದ್ದೆನೋ. ಎದುರಿಗೆ ನಿಂತು ಹೆಸರು ಹೇಳುವುದು ಹೇಗಿರುತ್ತದೆ ಎನ್ನುವುದು ಮಾತ್ರ ಅವತ್ತೇ ಗೊತ್ತಾದದ್ದು.

ವಾಪಸ್ಸು ಬರುವಾಗ ಅತ್ತೆ ಹಿಂದೆ ಉಳಿದಳು. ನಾವು ನಿಂತು ನಿಂತು ಅವಳನ್ನು ಕರೆದುಕೊಂಡು ಬರಬೇಕಾಯಿತು.

ಸೋಮವಾರಗಳಂದು ಜಿಲ್ಲಾ ಕೇಂದ್ರ ಕೃಷ್ಣಗಿರಿಯ ಕಲೆಕ್ಟರ್ ಕಚೇರಿಯಲ್ಲಿ ಜನರ ಮನವಿ ತೆಗೆದುಕೊಳ್ಳುತ್ತಾರೆ. ನಾನು ರಜ ಹಾಕಿ ಹೋದೆ. ಒಂದು ಕಡೆ ಸರ್ಕಾರವೇ ಎಲೆಯಲ್ಲಿ ಉಣ್ಣಿ ಎನ್ನುತ್ತದೆ, ಇನ್ನೊಂದು ಕಡೆ ಎಲೆ ಕೀಳಬೇಡಿ ಎನ್ನುತ್ತದೆ, ನಮ್ಮೂರಿನ ಹೆಂಗಸರು ಏನು ಮಾಡಬೇಕು ಎಂದು ತಮಿಳಿನಲ್ಲಿ ಬರೆದುಕೊಂಡು ಹೋಗಿದ್ದೆ. ಅಲ್ಲಿದ್ದ ಅಧಿಕಾರಿ ಅದನ್ನು ಓದಿ, ಪಕ್ಕಕ್ಕೆ ಕೂರಿಸಿ, ಅರಣ್ಯ ಹಕ್ಕಿನ ಕಾಯಿದೆ ಅಂತ ಒಂದಿದೆ ಎಂದು ವಿವರಿಸಿದರು. ಮೂರು ತಲೆಮಾರಿನಿಂದ ಕಾಡನ್ನು ನಂಬಿ ಬಾಳಿದವರು ಎಲೆ, ಜೇನು, ಬೀಜದಂಥದ್ದನ್ನು ಸಂಗ್ರಹಿಸುವ ಹಕ್ಕು ಕೇಳಬಹುದು. ಊರಿನ ಗ್ರಾಮಸಭೆ ಸೇರಿ ಅರ್ಜಿ ಹಾಕಬೇಕು. ಅದಕ್ಕೆ ಪುರಾವೆ ಬೇಕು.

"ಎಲೆ ಕಿತ್ತದ್ದಕ್ಕೆ ಏನು ಪುರಾವೆ ಸಾರ್?"

"ಹಳೆ ಪಾಸು, ರಸೀದಿ ಏನೂ ಇಲ್ಲವಾ? ಹಾಗಾದರೆ ಹಿರಿಯರ ಹೇಳಿಕೆ ಆಗುತ್ತೆ. ಆದರೆ ಅರ್ಜಿ ಹಾಕಿದವರದ್ದೇ ಆಗಬಾರದು. ಹೊರಗಿನವರು, ಕಣ್ಣಾರೆ ಕಂಡವರು ಹೇಳಬೇಕು."

ಊರಿಗೆ ಬಂದು ಹೇಳಿದಾಗ ಹೆಂಗಸರು ಉತ್ಸಾಹದಿಂದಲೇ ಸೇರಿದರು. ಹದಿನಾರು ಮನೆಯವರು ಹೆಸರು ಕೊಟ್ಟರು. ಪಟ್ಟಿಯನ್ನು ನಾನೇ ಬರೆದೆ, ಮೊದಲ ಹೆಸರು ಅತ್ತೆಯದು. ಸಾಕ್ಷಿಯದೇ ತೊಡಕು. ಅತ್ತೆಯ ಕಾಲದಲ್ಲಿ ಆ ಕಾಡಿಗೆ ಎಲೆಗೆ ಹೋಗುತ್ತಿದ್ದ ಹೊರಗಿನವರಲ್ಲಿ ಬದುಕಿ ಉಳಿದವರು ಯಾರು? ಯೋಚಿಸಿ ಯೋಚಿಸಿ ಒಂದೇ ಹೆಸರಿಗೆ ಬಂದು ನಿಂತೆವು. ಗುಡ್ಡದ ಆಚೆಯ ಹಳ್ಳಿಯ ಒಬ್ಬ ಮುದುಕಿ.

ಆ ಹೆಸರು ಕೇಳಿದ ಕೂಡಲೇ ಅತ್ತೆ ಎದ್ದು ಒಳಗೆ ಹೋದಳು. ಅವರಿಬ್ಬರಿಗೂ ಮೂವತ್ತು ವರ್ಷದಿಂದ ಮಾತಿಲ್ಲ. ಹಳ್ಳದ ಪಕ್ಕದ ಒಂದು ದೊಡ್ಡ ಮುತ್ತುಗದ ಮರಕ್ಕಾಗಿ ಜಗಳ. ಕಾಡಿನ ಮರ, ಯಾರದೂ ಅಲ್ಲ. ಆದರೆ ಎಲೆಗೆ ಹೋಗುವ ಹೆಂಗಸರಲ್ಲಿ ಇಂಥ ಮರ ಇಂಥವಳದು ಎಂದು ಒಂದು ವಾಡಿಕೆ ಇತ್ತು. ಆ ಮರ ತನ್ನದು ಎಂದು ಇಬ್ಬರೂ ಹೇಳುತ್ತಿದ್ದರು.

ನಾನೊಬ್ಬಳೇ ಗುಡ್ಡ ಸುತ್ತಿ ಹೋದೆ. ಮುದುಕಿ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ನಾನು ಯಾರೆಂದು ಹೇಳಿದ ಮೇಲೆ ಕೈಯ ಹುಲ್ಲು ಕೊಡವಿ ನನ್ನ ಹತ್ತಿರ ಬಂದಳು.

"ಅವಳು ಇನ್ನೂ ಬದುಕವ್ಳಾ?"

"ಅವ್ಳೆ ದೊಡ್ಡಮ್ಮ. ನೀವು ಬಂದು ಒಂದು ಮಾತು ಹೇಳ್ಬೇಕು. ನಮ್ಮತ್ತೆ ಆ ಕಾಡ್ನಾಗೆ ಎಲೆ ಕೀಳ್ತಿದ್ದದ್ದು ನೀವು ನೋಡಿದ್ದೀರಿ ಅಂತ."

"ನೋಡಿದ್ದೀನಾ! ನನ್ನ ಮರದಾಗೆ ಕಿತ್ಳು. ಎಷ್ಟು ಸಲ ಹಿಡಿದಿದ್ದೀನಿ. ಹೇಳ್ತೀನಿ, ಯಾಕ್ ಹೇಳಲ್ಲ? ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ."

ಗ್ರಾಮಸಭೆಯ ದಿನ ಅವಳು ಒಗೆದ ಸೀರೆ ಉಟ್ಟು ಮೊಮ್ಮಗನ ಬೈಕಿನಲ್ಲಿ ಬಂದಳು. ಪಂಚಾಯಿತಿ ಕಟ್ಟಡದ ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದೆವು. ಕಾರ್ಯದರ್ಶಿ ಹೇಳಿಕೆಯನ್ನು ತಮಿಳಿನಲ್ಲಿ ಬರೆಯಬೇಕು, ಮುದುಕಿ ಹೇಳುವುದು ಕನ್ನಡ, ನಡುನಡುವೆ ತೆಲುಗು. ಹಾಗಾಗಿ ನಡುವೆ ನಿಂತು ಹೇಳುವ ಕೆಲಸ ನನ್ನದಾಯಿತು.

ಅವಳು ಹೇಳಿದಳು. ತಾನು ಮದುವೆಯಾಗಿ ಬಂದ ವರ್ಷದಿಂದ ಈ ಊರಿನ ಹೆಂಗಸರನ್ನು ಆ ಕಾಡಿನಲ್ಲಿ ಕಂಡಿದ್ದೇನೆ, ತನ್ನ ಅತ್ತೆಯೂ ಇವರ ಅಜ್ಜಿಯರ ಜೊತೆ ಹೋಗುತ್ತಿದ್ದಳು. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ನಮ್ಮತ್ತೆಯ ಕಡೆ ಕೈ ತೋರಿಸಿ, "ಇವಳು ಹಳ್ಳದ ಪಕ್ಕದ ನನ್ನ ಮರದ ಎಲೆ ಕದ್ಳು. ಒಂದು ಸಲ ಅಲ್ಲ, ನಾಕೈದು ಸಲ," ಅಂದಳು.

ನಾನು ತಮಿಳಿಗೆ ತಿರುಗಿಸುವಾಗ ಕಿತ್ತಳು ಎಂದಷ್ಟೇ ಹೇಳಿದೆ. ಮುದುಕಿ ನನ್ನ ಮೊಣಕೈ ಹಿಡಿದಳು.

"ನನಗೂ ತಮಿಳು ಬತ್ತದೆ ಕಣಮ್ಮ. ‘ತಿರುಡಿನಾ’ ಅನ್ನು, ಕದ್ಳು ಅಂತ. ಹಂಗೇ ಬರಿಲಿ."

ಕಾರ್ಯದರ್ಶಿ ನನ್ನ ಮುಖ ನೋಡಿದರು. ನಾನು ಅತ್ತೆಯ ಮುಖ ನೋಡಿದೆ. ಅವಳು ನೆಲ ನೋಡುತ್ತಾ ಕೂತಿದ್ದಳು. ಕಾರ್ಯದರ್ಶಿ ಹಾಗೆಯೇ ಬರೆದರು. ಮುದುಕಿ ಹೆಬ್ಬೆಟ್ಟು ಒತ್ತಿದಳು. ಅದಕ್ಕಿಂತ ಗಟ್ಟಿ ಪುರಾವೆ ಬೇಕಿರಲಿಲ್ಲ ಎಂದು ಆಮೇಲೆ ಕಾರ್ಯದರ್ಶಿಯೇ ನನ್ನ ಹತ್ತಿರ ಹೇಳಿದರು. ಯಾರೂ ಹೇಳಿಕೊಟ್ಟು ಹೇಳಿಸುವಂಥ ಮಾತಲ್ಲವಲ್ಲ ಅದು.

ಮನೆಗೆ ಬಂದ ಮೇಲೆ ಅತ್ತೆ ಸಿಡಿದಳು. "ಮರ ನನ್ದು. ನಮ್ಮವ್ವ ತೋರ್ಸಿದ್ದು. ಕದ್ದಿದ್ದು ಅವಳು. ಈಗ ನೋಡು, ಸರ್ಕಾರದ ಪುಸ್ತಕದಾಗೆ ನಾನು ಕಳ್ಳಿ ಆಗ್ಬುಟ್ಟೆ!"

"ನಾಳೆ ಹೋಗಿ ತಿದ್ದಿಸ್ಲಾ ಅತ್ತೆ?" ಎಂದೆ. ತಿದ್ದಿಸಿದರೆ ಸಾಕ್ಷಿಯೇ ಬಿದ್ದುಹೋಗುತ್ತದೆ ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.

ಅವಳು ಚಾಪೆ ಬಿಡಿಸಿ ಹಾಸಿದಳು. ಕೊನೆಗೆ, "ಬ್ಯಾಡ ಬಿಡು. ಇರ್ಲಿ. ಎಲ್ರಿಗೂ ಎಲೆ ಸಿಗ್ಲಿ," ಅಂದಳು. ಹೇಳಿ, ಮುಖಕ್ಕೆ ಸೆರಗು ಹಾಕಿಕೊಂಡು ಮಲಗಿದಳು.

ಸ್ಥಳ ತನಿಖೆಗೆ ಅಧಿಕಾರಿಗಳು ಬರಲು ತಿಂಗಳುಗಳೇ ಹಿಡಿದವು. ಬಂದದ್ದು ಶಿವರಾತ್ರಿ ಕಳೆದ ಮೇಲೆ. ಫಾರೆಸ್ಟರು, ಊರಿನ ಕಂದಾಯದ ಲೆಕ್ಕ ನೋಡುವ ವಿ.ಎ.ಓ., ಕೈಯಲ್ಲಿ ಜಿ.ಪಿ.ಎಸ್. ಯಂತ್ರ ಹಿಡಿದ ಒಬ್ಬ ಸರ್ವೇಯರು, ಜೊತೆಗೆ ನಮ್ಮ ಹೊರೆ ಬಿಡಿಸಿದ್ದ ಅದೇ ಗಾರ್ಡು. ಎಲ್ಲೆಲ್ಲಿ ಎಲೆ ಕೀಳುತ್ತಿದ್ದರು ಎಂದು ಅರ್ಜಿದಾರರು ತೋರಿಸಬೇಕು, ಸಾಕ್ಷಿ ಹೌದು ಎನ್ನಬೇಕು. ಅತ್ತೆಯೂ ಆ ಮುದುಕಿಯೂ ಇಬ್ಬರೂ ಬಂದಿದ್ದರು. ಕಲ್ಲಿನ ಬಳಿ ಗಾರ್ಡ್ ತಾನೇ ಪಕ್ಕಕ್ಕೆ ಸರಿದು, "ಬಾ ಪಾಟಿ," ಎಂದು ಅತ್ತೆಯನ್ನು ಮುಂದೆ ಬಿಟ್ಟ.

ಒಳಗೆ ಕಾಲಿಟ್ಟ ಮೇಲೆ ಅವಳನ್ನು ಹಿಡಿಯುವವರಿಲ್ಲ. ಸರ್ವೇಯರು ಯಂತ್ರ ನೋಡಿಕೊಂಡು ಹಿಂದೆ ಓಡಬೇಕಾಯಿತು. ಇಲ್ಲಿ ಕುಳಿತು ಬುತ್ತಿ ಉಣ್ಣುತ್ತಿದ್ದೆವು, ಇಲ್ಲಿ ಸರ ಪೋಣಿಸುತ್ತಿದ್ದೆವು, ಈ ಬಂಡೆಯ ಮೇಲೆ ನಮ್ಮವ್ವ ಜಾರಿ ಬಿದ್ದಳು. ಫಾರೆಸ್ಟರು ಸುತ್ತಲೂ ನೋಡಿ, "ಎಲೆ ಎಲ್ಲಮ್ಮ? ಒಂದು ಎಲೆಯೂ ಇಲ್ಲವಲ್ಲ ಮರದಲ್ಲಿ?" ಎಂದು ಕೇಳಿದರು.

ನಿಜ. ಆ ಕಾಲಕ್ಕೆ ಮುತ್ತುಗ ಬೋಳಾಗಿ, ಬರಿಯ ಹೂವಾಗಿ ನಿಂತಿರುತ್ತದೆ. ಕಣ್ಣು ಹಾಯಿಸಿದ ಕಡೆಯೆಲ್ಲ ಕೆಂಪು.

ಅತ್ತೆ ನಕ್ಕುಬಿಟ್ಟಳು. "ಹೂ ಬಿಡೋ ಕಾಲ್ದಾಗೆ ಎಲೆ ಹುಡುಕ್ಕೊಂಡ್ ಬಂದಿದ್ದೀರಲ್ಲ ಸಾಮಿ. ಯುಗಾದಿ ಕಳೀಲಿ, ಬನ್ನಿ, ನಿಮಗೂ ಒಂದು ಎಲೆ ಹಚ್ಕೊಡ್ತೀನಿ."

ಹಳ್ಳದ ಪಕ್ಕದ ಮರಕ್ಕೆ ಬಂದೆವು. ಬುಡ ಒಬ್ಬರು ತಬ್ಬಿದರೆ ಸಿಗದಷ್ಟು ದಪ್ಪವಾಗಿತ್ತು. ಸರ್ವೇಯರು ಯಂತ್ರ ಹಿಡಿದು ನಿಂತ. ವಿ.ಎ.ಓ. ಕಾಗದ ನೋಡಿ, ಹೇಳಿಕೆಯಲ್ಲಿರುವ ಮರ ಇದೇನಾ ಎಂದು ಕೇಳಿದರು.

ಮುದುಕಿ ಮುಂದೆ ಬಂದು ಮರಕ್ಕೆ ಕೈ ಇಟ್ಟು, "ಇದೇ," ಅಂದಳು. ಎಲ್ಲರೂ ಅತ್ತೆಯ ಕಡೆ ತಿರುಗಿದರು. ಇನ್ನೇನು ಜಗಳ ಶುರುವಾಗುತ್ತದೆ ಎಂದು ನಾನು ಹತ್ತಿರ ಸರಿದೆ.

"ಹೂಂ. ಇದೇ," ಅಂದಳು ಅತ್ತೆ. ಅಷ್ಟೇ.

ಅಧಿಕಾರಿಗಳು ಮುಂದೆ ಹೋದರು. ಆ ಇಬ್ಬರೂ ಅಲ್ಲೇ ಕೆಳಗೆ ಕೂತರು. ನಾನು ಸ್ವಲ್ಪ ದೂರದಲ್ಲಿ ನಿಂತಿದ್ದೆ. ಮುದುಕಿ ಎಲೆಯಡಿಕೆ ಚೀಲ ಬಿಚ್ಚಿ ಅತ್ತೆಯ ಕಡೆ ಚಾಚಿದಳು. "ಸುಣ್ಣ ನೋಡ್ಕೊಂಡ್ ಹಾಕ್ಕೋ, ಖಾರ ಐತೆ," ಅಂದದ್ದು ಕೇಳಿಸಿತು. ಅತ್ತೆ ತೆಗೆದುಕೊಂಡಳು. ಆಮೇಲೆ ಇಬ್ಬರೂ ಸತ್ತುಹೋದ ಹೆಂಗಸರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾ ಹೋದರು. ಇಂಥವಳು ಜೋರಾಗಿ ಹಾಡುತ್ತಿದ್ದಳು, ಇಂಥವಳು ಆನೆ ಲದ್ದಿ ಕಂಡರೆ ಅಳುತ್ತಿದ್ದಳು. ಮೂವತ್ತು ವರ್ಷ ಅವರು ಈ ಮಾತುಗಳನ್ನು ಯಾರ ಹತ್ತಿರ ಆಡಿರಬಹುದು ಎಂದು ನನಗೆ ಅನ್ನಿಸಿತು. ಆ ಹೆಂಗಸರನ್ನೆಲ್ಲ ಬಲ್ಲವರಲ್ಲಿ ಅವರಿಬ್ಬರೇ ಉಳಿದಿದ್ದರು.

ನಾನು ಸುಮ್ಮನೆ ನಿಂತು ಕೇಳಿದೆ. ಈಗ ಎಷ್ಟೋ ಸಲ, ಕಸದ ಗಾಡಿಗಳ ಲೆಕ್ಕ ನೋಡುತ್ತಿರುವಾಗ, ಕಾರ್ಖಾನೆಗಳ ಶಿಫ್ಟಿನ ಬಸ್ಸುಗಳ ನಡುವೆ ರಸ್ತೆ ದಾಟಲು ಕಾಯುತ್ತಿರುವಾಗ, ಆ ಬೆಳಗು ಬೇಕು ಎಂದು ಒಳಗೆಲ್ಲೋ ಸಂಕಟವಾಗುತ್ತದೆ. ಇನ್ನೊಂದು ಅರ್ಧ ಗಂಟೆ ಅಲ್ಲಿ ಕೂರಲು ಬಿಟ್ಟಿದ್ದರೆ ಎನ್ನಿಸುತ್ತದೆ. ಆದರೆ ಆನೆಗಳು ನೀರಿಗೆ ಬರುವ ಹೊತ್ತಾಯಿತು ಎಂದು ಗಾರ್ಡ್ ಅವಸರ ಮಾಡಿದ. ಅವನು ಹೇಳಿದ್ದೂ ಸರಿಯೇ.

ಗ್ರಾಮಸಭೆಯ ಠರಾವು, ತನಿಖೆಯ ವರದಿ ಎಲ್ಲವೂ ಸೇರಿ ಅರ್ಜಿ ಉಪವಿಭಾಗದ ಸಮಿತಿ ದಾಟಿತು. ಅಲ್ಲಿಂದ ಜಿಲ್ಲೆಯ ಸಮಿತಿಗೆ ಹೋಯಿತು. ಯುಗಾದಿ ಕಳೆದು ಮುತ್ತುಗ ಚಿಗುರಿತು, ಬಲಿಯಿತು. ಅನುಮತಿ ಬಂದಿರಲಿಲ್ಲ, ಯಾರೂ ಕಾಡಿಗೆ ಹೋಗಲಿಲ್ಲ. ಗುಡ್ಡದಾಚೆಯ ಮುದುಕಿಯ ಸ್ವಂತ ಹೊಲದ ಬದುವಿನಲ್ಲಿ ಎರಡು ಮುತ್ತುಗದ ಗಿಡಗಳಿದ್ದವು. ಅವಳೇ ಅವುಗಳ ಎಲೆ ಕೀಳಿಸಿ ನಮ್ಮ ಮನೆಗೆ ಕಳಿಸಿದಳು. ಅತ್ತೆ ಅದರಲ್ಲಿ ಒಂದಿಷ್ಟು ಊಟದೆಲೆ ಹಚ್ಚಿದಳು. ಬೆರಳು ನಡುಗುತ್ತಿದ್ದರೂ ಕಡ್ಡಿ ಸರಿಯಾದ ಜಾಗಕ್ಕೇ ಹೋಗುತ್ತಿತ್ತು. ನಾನೂ ಪಕ್ಕದಲ್ಲಿ ಕೂತು ಹಚ್ಚಲು ನೋಡಿದೆ. ನನ್ನದರಲ್ಲಿ ಸಾರು ನಿಲ್ಲಲಿಲ್ಲ. "ಪೇಟೆ ಕೈ," ಎಂದು ನಕ್ಕಳು.

ಆ ಆಷಾಢದಲ್ಲಿ ಜ್ವರ ಬಂದು, ಹೊಸೂರಿನ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು, ಅತ್ತೆ ತೀರಿಕೊಂಡಳು. ಗುಡ್ಡದಾಚೆಯ ಮುದುಕಿ ಮಣ್ಣಿಗೆ ಬಂದಿದ್ದಳು. ಅಳಲಿಲ್ಲ. ನನ್ನ ಕೈ ಹಿಡಿದು, "ಜಗಳಕ್ಕೂ ಒಬ್ಬರು ಬೇಕಮ್ಮ," ಎಂದು ಹೇಳಿ ಹೋದಳು.

ಅರ್ಜಿ ಇನ್ನೂ ಜಿಲ್ಲೆಯಲ್ಲೇ ಇದೆ. ಎರಡು ಮೂರು ತಿಂಗಳಿಗೊಮ್ಮೆ ಕೃಷ್ಣಗಿರಿಗೆ ಹೋಗಿ ವಿಚಾರಿಸುತ್ತೇನೆ. ತಿರಸ್ಕರಿಸಿಲ್ಲ, ಒಪ್ಪಿಯೂ ಇಲ್ಲ, ಮುಂದಿನ ಸಭೆಗೆ ಬರುತ್ತದೆ ಎನ್ನುತ್ತಾರೆ. ಹೋದ ಸಲ ಕಡತ ನೋಡುವ ಹೆಂಗಸು, ನನ್ನ ವಯಸ್ಸಿನವರೇ, ಪಟ್ಟಿಯನ್ನು ನನ್ನ ಮುಂದೆ ಇಟ್ಟರು. ಅರ್ಜಿದಾರರಲ್ಲಿ ಯಾರಾದರೂ ತೀರಿಕೊಂಡಿದ್ದರೆ ಹೆಸರಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಿ, ಅಷ್ಟೇ, ಹಕ್ಕು ಊರಿನದು, ಅದಕ್ಕೇನೂ ತೊಂದರೆಯಿಲ್ಲ ಎಂದು ತಮಿಳಿನಲ್ಲಿ ಹೇಳಿದರು. ನಾನು ಪೆನ್ನು ತೆಗೆದೆ. ಮೊದಲ ಸಾಲು. ನನ್ನದೇ ಕೈಬರಹ. ಪೆನ್ನನ್ನು ಹೆಸರಿನ ಹತ್ತಿರ ತಂದು ಸುಮ್ಮನೆ ಕೂತುಬಿಟ್ಟೆ.

ಆಕೆ ಪಟ್ಟಿಯ ಮೇಲೆ ಬಗ್ಗಿ ಹೆಸರು ನೋಡಿದರು. ಯಾರು ಎಂದು ಕೇಳಿದರು. ನಮ್ಮತ್ತೆ ಎಂದೆ.

"ಇರಲಿ ಬಿಡಿ. ಇನ್ನೊಂದು ಸಲ ಬಂದಾಗ ಮಾಡುವಿರಂತೆ," ಎಂದು ಆಕೆ ಕಡತವನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡು, ದಾರ ಕಟ್ಟಿ, ಕಪಾಟಿನಲ್ಲಿ ಇಟ್ಟರು.